ತೂತಿನ ಬಟ್ಟಲಿನಿಂದ ನೀರು ಹಂಚಿದ ಸಾಬಮ್ಮ

ಸಾಬಮ್ಮನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಸಣ್ಣ ಮುಳ್ಳು ಎಲ್ಲಿದೆ, ದೊಡ್ಡ ಮುಳ್ಳು ಎಲ್ಲಿದೆ ಎಂದು ತೋರಿಸಬಲ್ಲಳು. ಗಂಟೆ ಎಷ್ಟೆಂದು ಹೇಳಲಾರಳು. ಆದರೂ ಹದಿನೆಂಟು ವರ್ಷ ನಮ್ಮೂರಿನ ಹೊಲಗಳಿಗೆ ಹೊತ್ತು ಅಳೆದು ನೀರು ಬಿಟ್ಟವಳು ಅವಳೇ.

ನಮ್ಮೂರು ಚಿಂಚೋಳಿ ತಾಲೂಕಿನಲ್ಲಿ, ಚಂದ್ರಂಪಳ್ಳಿ ಕೆರೆಯ ಕಾಲುವೆಯ ಬಾಲದಲ್ಲಿತ್ತು. ಮೇಲಿನ ಊರುಗಳೆಲ್ಲ ಕುಡಿದು ಬಿಟ್ಟ ನೀರು ನಮ್ಮ ಕೊನೆಯ ತೂಬಿಗೆ ಬರುವಾಗ ಮೊಣಕಾಲುದ್ದವೂ ಇರುತ್ತಿರಲಿಲ್ಲ. ಅದನ್ನೇ ಇಪ್ಪತ್ತು ಮನೆಯವರು ಪಾಳಿಯಂತೆ ಹಂಚಿಕೊಳ್ಳಬೇಕು. ಎಂಟು ದಿನಕ್ಕೊಂದು ಪಾಳಿ, ಎಕರೆಗೆ ಇಷ್ಟು ಹೊತ್ತು. ಅದನ್ನು ನೋಡಿಕೊಳ್ಳಲು ರೈತರೆಲ್ಲ ಸೇರಿ ಅಯ್ಯಪ್ಪನನ್ನು ಇಟ್ಟುಕೊಂಡಿದ್ದರು. ಅಯ್ಯಪ್ಪ ಸಾಬಮ್ಮನ ಗಂಡ. ಇಬ್ಬರೂ ಹೊಳೆದಂಡೆಯ ಮನೆತನದವರು. ಸಾಬಮ್ಮನ ತವರು ಕಾಗಿಣಾ ದಂಡೆಯಲ್ಲಿತ್ತು, ಬಲೆ ಹೆಣೆಯುವುದನ್ನು ತಾಯಿಯಿಂದ ಕಲಿತು ಬಂದಿದ್ದಳು.

ನಾನು ಏಳನೇ ಇಯತ್ತೆಯಲ್ಲಿದ್ದ ವರ್ಷ, ಭಾದ್ರಪದದಲ್ಲಿ, ಅಯ್ಯಪ್ಪ ಜ್ವರ ಬಂದು ಒಂಬತ್ತೇ ದಿನಕ್ಕೆ ತೀರಿಕೊಂಡ. ಸಾಬಮ್ಮನಿಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ಸೊಂಟದಲ್ಲಿ ಮೂರು ವರ್ಷದ ಮಗಳು ಅಂಬಿಕಾ. ಅಯ್ಯಪ್ಪನ ಕೈಗಡಿಯಾರವನ್ನು ಅವನ ಅಣ್ಣ ಒಯ್ದ. ತೂಬಿನ ಕೆಲಸ ಮಾತ್ರ ಯಾರೂ ಒಯ್ಯಲಿಲ್ಲ, ಕೆಸರಿನ ಕೆಲಸ ಅದು. ಬೇರೆ ಯಾರಾದರೂ ಸಿಗುವ ತನಕ ಅವಳೇ ನೋಡಿಕೊಳ್ಳಲಿ ಎಂದು ಹಿರಿಯರು ಅಂದರು.

ಹಲಗೆ ಎತ್ತುವುದು, ಮಣ್ಣು ಕಟ್ಟುವುದು, ನೀರು ತಿರುಗಿಸುವುದು ಎಲ್ಲ ಅವಳಿಗೆ ಗೊತ್ತಿತ್ತು. ಹೊತ್ತು ಮಾತ್ರ ರೈತರನ್ನೇ ಕೇಳಬೇಕಾಗಿತ್ತು. ಜಗಳ ಅಲ್ಲಿಂದಲೇ ಶುರುವಾಯಿತು. ಒಂದು ದಿನ ಮಧ್ಯಾಹ್ನ ನಾವು ಉಂಡು ಶಾಲೆಗೆ ಮರಳುವಾಗ ತೂಬಿನ ಹತ್ತಿರ ಇಬ್ಬರು ಎದುರುಬದುರು ನಿಂತಿದ್ದರು. ಒಬ್ಬರು ಅಮರನಾಥ ಗೌಡರು, ಹನ್ನೆರಡು ಎಕರೆಯವರು. ಇನ್ನೊಬ್ಬ ಅಬ್ದುಲ್ ಮಜೀದ, ಮೂರು ಎಕರೆ ಶೇಂಗಾ ಹಾಕಿದವನು.

"ನನ್ನ ಗಡಿಯಾರದಾಗ ಇನ್ನ ಕಾಲ ತಾಸು ಅದ," ಅಂದರು ಗೌಡರು, ಕೈ ಮುಂದೆ ಚಾಚಿ.

"ನಿಮ್ಮ ಗಡಿಯಾರದ ಮಾತ ಬಿಡ್ರಿ ಗೌಡ್ರ," ಅಂದ ಮಜೀದ. "ನಿಮ್ಮ ಹೊಲಕ್ಕ ನೀರ ಬಂದಾಗ ಅದು ಮಲಗತದ. ನನ್ನ ಪಾಳಿ ಬಂತಂದ್ರ ಎದ್ದು ಓಡತದ."

ಸುತ್ತ ನಿಂತವರು ನಕ್ಕರು. ಗೌಡರಿಗೆ ಸಿಟ್ಟು ಬಂತು. ಅದನ್ನು ಮಜೀದನ ಮೇಲೆ ಹಾಕದೆ ಸಾಬಮ್ಮನ ಮೇಲೆ ಹಾಕಿದರು. "ಗಡಿಯಾರ ನೋಡಾಕ ಬರದ ಹೆಂಗಸಿಗಿ ತೂಬ ಕೊಟ್ಟದ್ದೇ ತಪ್ಪಾತು."

ಅಂದು ಸಂಜೆ ಸಾಬಮ್ಮ ನಮ್ಮ ಮನೆಗೆ ಬಂದಳು.

ನಮ್ಮ ತಂದೆ ಪ್ರಹ್ಲಾದ ಮಾಸ್ತರರು. ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಪಠ್ಯ ಮುಗಿದರೆ ಸಾಕು, ಶನಿವಾರದ ಕೊನೆಯ ತಾಸಿನಲ್ಲಿ ಸಾವಿರ ವರ್ಷದ ಹಿಂದಿನ ಜಗತ್ತಿಗೆ ನಮ್ಮನ್ನು ಕರೆದೊಯ್ಯುತ್ತಿದ್ದರು. ಚೀನಾದ ಕಾಗದ ಒಂಟೆಯ ಬೆನ್ನೇರಿ ಅರಬ್ಬರ ಊರುಗಳಿಗೆ ಬಂದದ್ದು, ಉತ್ತರಕ್ಕೇ ಮುಖ ಮಾಡುವ ಸೂಜಿ ಸಿಕ್ಕ ಮೇಲೆ ಹಡಗಿನವರಿಗೆ ಮೋಡದ ಭಯ ಹೋದದ್ದು, ಇಟಲಿಯಲ್ಲಿ ಯಾರೋ ಎರಡು ಗಾಜು ತಿಕ್ಕಿ ಮೂಗಿನ ಮೇಲಿಟ್ಟು ವಯಸ್ಸಾದವರಿಗೆ ಮತ್ತೆ ಅಕ್ಷರ ಕಾಣಿಸಿದ್ದು. "ಆ ಕಾಲಕ್ಕ ಕತ್ತಲಿ ಕಾಲ ಅಂತಾರ. ಯಾರಿಗಿ ಕತ್ತಲಿ ಇತ್ತೋ ಏನೋ, ದುಡಿಯೋ ಕೈಗೆ ಇರಲಿಲ್ಲ," ಎನ್ನುತ್ತಿದ್ದರು. ನಮ್ಮ ಮಳಖೇಡ ರಾಜಧಾನಿಯಾಗಿದ್ದಾಗ ಅಲ್ಲಿ ದೊಡ್ಡ ಗಣಿತ ನಡೆದಿತ್ತು ಎಂದು ಹೇಳುವಾಗ ಅವರ ದನಿ ತುಸು ಏರುತ್ತಿತ್ತು. ಸೇಡಂ ಕಡೆಗೆ ಹೋಗುವ ಬಸ್ಸಿನಲ್ಲಿ ಮಳಖೇಡದ ಕೋಟೆಯ ಗೋಡೆ ಕಂಡಾಗ ಈಗಲೂ ನನಗೆ ಅವರ ದನಿ ಕೇಳುತ್ತದೆ.

ಸಾಬಮ್ಮ ಅಂಗಳದ ಕಟ್ಟೆಯ ಹತ್ತಿರ ನಿಂತಳು. ಒಳಗೆ ಬರುವ ರೂಢಿ ಆಗ ಇರಲಿಲ್ಲ. ಇದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ, ಆದರೆ ಇರಲಿಲ್ಲ.

"ಮಾಸ್ತರ್ರೆ, ನನಗ ಗಡಿಯಾರ ಓದಾಕ ಕಲಸ್ರಿ," ಅಂದಳು. "ಅಂವ ಇದ್ದಾಗ ಕಲೀಲಿಲ್ಲ. ಕೇಳಿದ್ರ ಹೇಳಾಕ ಅಂವ ಇದ್ದ."

ಅಪ್ಪ ಪುಸ್ತಕ ಮುಚ್ಚಿ ಎದ್ದು ಬಂದರು. "ಕಲಸ್ತೀನವ್ವ. ಆದ್ರ ನೀ ಕಲತ್ರೂ ಜಗಳ ನಿಲ್ಲಂಗಿಲ್ಲ. ಗಡಿಯಾರ ಯಾರ ಕೈಯಾಗ ಇರತದೋ ಅವರ ಮಾತ ಕೇಳತದ. ಎಲ್ಲರ ಕಣ್ಣ ಮುಂದ ಹೊತ್ತ ಹೋಗೂದು ಕಾಣಬೇಕು."

ಅಷ್ಟು ಹೇಳಿ ಒಳಗೆ ಹೋಗಿ ಅವ್ವನನ್ನು ಏನೋ ಕೇಳಿದರು. ದೇವರ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ನನಗೆ ಎಲ್ಲ ಕೇಳಿಸುತ್ತಿತ್ತು. ಅಪ್ಪ ಕೇಳಿದ್ದು ಗಳಿಗೆ ಬಟ್ಟಲನ್ನು. ಅಂಗೈಯಷ್ಟು ಅಗಲದ ತೆಳುವಾದ ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರಿನ ಮೇಲೆ ತೇಲಿಬಿಟ್ಟರೆ ತೂತಿನಿಂದ ನೀರು ಏರಿ ಏರಿ ಒಂದು ಗಳಿಗೆಗೆ, ಅಂದರೆ ಇಪ್ಪತ್ನಾಲ್ಕು ನಿಮಿಷಕ್ಕೆ, ಬಟ್ಟಲು ಮುಳುಗುತ್ತದೆ. ನಮ್ಮ ಮುತ್ತಜ್ಜನ ಕಾಲದಿಂದ ಸುತ್ತಲಿನ ಮದುವೆ ಮುಂಜಿಗಳ ಮುಹೂರ್ತ ನೋಡಲು ಆ ಬಟ್ಟಲನ್ನು ಒಯ್ಯುತ್ತಿದ್ದರು. ಗೋಡೆ ಗಡಿಯಾರ ಬಂದ ಮೇಲೆ ಕರೆಯುವವರಿಲ್ಲದೆ ಅದು ದೇವರ ಪಕ್ಕ ಕುಳಿತಿತ್ತು.

"ದೇವರ ಮನಿ ಬಟ್ಟಲ ಕೆನಾಲ ಮ್ಯಾಲ ಇಡಾಕ ಕೊಡ್ತೀರೇನು?" ಎಂದು ಅವ್ವ ಕೇಳುತ್ತಿದ್ದಳು. ಅವ್ವನ ಹೆಸರು ಲೀಲಾಬಾಯಿ. ಮಡಿ ಭಾಳ. "ನನ್ನ ಲಗ್ನದಾಗ ಇದು ಮುಳುಗಿದ ಮ್ಯಾಲೇ ನನ್ನ ಕೊರಳಿಗಿ ತಾಳಿ ಬಿದ್ದದ."

ಅಪ್ಪ ಒತ್ತಾಯ ಮಾಡಲಿಲ್ಲ. ಹೊರಗೆ ಬಂದು, "ನಾಳಿ ಬಾ ಸಾಬಮ್ಮ," ಅಂದರು. ಅವಳು ಹೊರಟು ಬೇವಿನ ಗಿಡದ ತನಕ ಹೋಗಿದ್ದಳು. ಆಗ ಅವ್ವ ಬಾಗಿಲಿಗೆ ಬಂದಳು. ಸಾಬಮ್ಮನ ಬರಿಯ ಕೊರಳನ್ನು ನೋಡಿದಳೋ, ಅವಳ ಹೆಗಲ ಮೇಲೆ ನಿದ್ದೆ ಹೋದ ಕೂಸನ್ನು ನೋಡಿದಳೋ, ನನಗೆ ಗೊತ್ತಿಲ್ಲ. ಒಳಗೆ ಹೋಗಿ ಹುಣಸೆಹಣ್ಣು ಹಚ್ಚಿ ಬಟ್ಟಲನ್ನು ತಿಕ್ಕಿದಳು. ನನ್ನನ್ನು ಓಡಿಸಿ ಸಾಬಮ್ಮನನ್ನು ಮರಳಿ ಕರೆಸಿದಳು.

"ತಗೋ. ತೂತಿನಾಗ ಕಸ ಕುಂದ್ರಲಾರದಂಗ ನೋಡ್ಕೋ," ಎಂದು ಅವಳ ಕೈಯಲ್ಲೇ ಕೊಟ್ಟಳು. ಕಟ್ಟೆಯ ಮೇಲಿಟ್ಟು ಸರಿಯಲಿಲ್ಲ.

ಅಂದೇ ಅಂಗಳದಲ್ಲಿ ಹಂಡೆಗೆ ನೀರು ತುಂಬಿ ಬಟ್ಟಲನ್ನು ಬಿಟ್ಟೆವು. ಅಪ್ಪ ತಮ್ಮ ಕೈಗಡಿಯಾರ ಹಿಡಿದು ಕುಳಿತರು. ಸಾಬಮ್ಮ ಗಡಿಯಾರದ ಕಡೆ ನೋಡಲೇ ಇಲ್ಲ. ಬಟ್ಟಲಿನ ನಡುವೆ ಕೂದಲೆಳೆಯಷ್ಟು ಸಣ್ಣ ಬುಗ್ಗೆ ಏಳುತ್ತಿತ್ತು, ಅದನ್ನೇ ನೋಡುತ್ತಿದ್ದಳು. ಅಂಚಿನ ತನಕ ನೀರು ಬಂದಾಗ ಬಟ್ಟಲು ಒಮ್ಮೆ ಅಲುಗಿ, ಗುಳುಕ್ಕೆಂದು ಕೆಳಗೆ ಹೋಯಿತು.

"ಉಸುರ ಬಿಡ್ತು ನೋಡ್ರಿ," ಅಂದಳು ಸಾಬಮ್ಮ. ಗಂಡ ಸತ್ತ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಎಕರೆಗೆ ಎರಡು ಬಟ್ಟಲು ಎಂದು ಊರವರು ಒಪ್ಪಿದರು. ತೂಬಿನ ಪಕ್ಕ ಅಗಲ ಬಾಯಿಯ ಮಣ್ಣಿನ ಹರಿವಿಯೊಂದನ್ನು ಇಟ್ಟು, ಸೀರೆಯ ಸೆರಗಿನಲ್ಲಿ ಸೋಸಿದ ನೀರು ತುಂಬಿ ಸಾಬಮ್ಮ ಕುಳಿತಳು. ಒಂದು ಬಟ್ಟಲು ಮುಳುಗಿದರೆ ಪಕ್ಕದಲ್ಲಿ ಒಂದು ಕಲ್ಲಿನ ಚೂರು. ಮೊದಲ ವಾರ ನಗಲು ಬಂದವರೇ ಹೆಚ್ಚು. ಆಮೇಲೆ ನಗಲು ಬಂದವರು ಕುಳಿತರು. ಬಟ್ಟಲು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಯಾರೂ ಹಿಂದೆ ಮುಂದೆ ತಿರುವುವಂತಿರಲಿಲ್ಲ. ಗೌಡರು ಎರಡು ಸಲ ತಮ್ಮ ಗಡಿಯಾರದೊಂದಿಗೆ ಹೋಲಿಸಿ ನೋಡಿ, ಮೂರನೆಯ ಸಲ ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡರು.

ಶಾಲೆ ಬಿಟ್ಟ ಮೇಲೆ ಅಪ್ಪನೂ ಅಲ್ಲಿಗೆ ಹೋಗುತ್ತಿದ್ದರು, ನಾನು ಅವರ ಹಿಂದೆ. ಬಟ್ಟಲು ಮುಳುಗುವ ತನಕ ಯಾರಿಗೂ ಬೇರೆ ಕೆಲಸವಿಲ್ಲ. ಅಪ್ಪ ಶನಿವಾರದ ಪಾಠವನ್ನು ಕಾಲುವೆಯ ದಂಡೆಗೂ ತಂದರು. ಎಂಟುನೂರು ವರ್ಷದ ಹಿಂದೆ ಅರಬ್ಬರ ಕಡೆಯ ಒಬ್ಬ ಕುಶಲಕರ್ಮಿ ಆನೆಯಾಕಾರದ ಗಡಿಯಾರ ಮಾಡಿದ್ದನಂತೆ. ಆನೆಯ ಮೇಲೆ ಗೊಂಬೆ, ಹಕ್ಕಿ, ಹಾವು. ಹೊಟ್ಟೆಯೊಳಗೆ ಮಾತ್ರ ನೀರಿನ ತೊಟ್ಟಿ, ಅದರಲ್ಲಿ ಇಂಥದೇ ತೂತಿನ ಬಟ್ಟಲು. ಬಟ್ಟಲು ಮುಳುಗಿದಾಗಲೆಲ್ಲ ಹಕ್ಕಿ ಕೂಗುತ್ತಿತ್ತು.

"ನಮ್ಮ ಬಟ್ಟಲ ಅಷ್ಟ ದೂರ ಹೋಗಿತ್ತೇನ್ರಿ?" ಕೇಳಿದಳು ಸಾಬಮ್ಮ.

"ಹೋಗಿತ್ತು. ಇರಾನದ ಹಳ್ಳಿಯೊಳಗ ನೆಲದಡಿ ಕಾಲುವಿ ಅವ. ಅಲ್ಲಿ ರೈತರಿಗಿ ಪಾಳಿ ಹಚ್ಚೂದು ಇದರಲಿಂದೇ. ಒಬ್ಬಾಂವ ದಿನಾ ಹರಿವಿ ಮುಂದ ಕುಂತು ಬಟ್ಟಲ ಕಾಯ್ತಿದ್ದ. ಅದಕ್ಕ ಅವರು ಪಿಂಗಾನ್ ಅಂತಿದ್ರು."

"ಪಿಂಗಾಣಿ!" ಅಂದ ಮಜೀದ ತಟ್ಟನೆ. "ನಮ್ಮ ಮನಿಯಾಗ ಚಹಾದ ಬಶಿಗಿ ಅದೇ ಅಂತೀವಲ್ಲ."

"ಅದೇ ಮಾತ ಇರಬೇಕು," ಎಂದು ಅಪ್ಪ ಒಪ್ಪಿಕೊಂಡರು.

ಸಾಬಮ್ಮ ಮಾತ್ರ ಬೇರೆಯೇ ಯೋಚನೆಯಲ್ಲಿದ್ದಳು. "ಹಂಗಾದ್ರ ನನ್ನಂಥೋರು ಅಲ್ಲಿನೂ ಇದ್ರು," ಅಂದಳು. ಆಮೇಲೆ ಎಷ್ಟೋ ಸಲ ಆ ಮಾತನ್ನು ತಾನೇ ಮತ್ತೆ ಹೇಳಿಕೊಂಡದ್ದನ್ನು ಕೇಳಿದ್ದೇನೆ.

ಹೀಗೆ ಎರಡು ವರ್ಷ ನಡೆಯಿತು. ಬೇರೆಯವನನ್ನು ಹುಡುಕುವ ಮಾತು ಊರಿಗೆ ಮರೆತೇಹೋಯಿತು. ಕುಳಿತಲ್ಲಿ ಅವಳ ಕೈ ಸುಮ್ಮನಿರುತ್ತಿರಲಿಲ್ಲ, ಬಲೆ ಹೆಣೆಯುತ್ತಿದ್ದಳು. ಮೂರನೆಯ ವರ್ಷದ ಮಾಘ ಮಾಸದಲ್ಲಿ ಒಂದು ದಿನ ಅರ್ಧ ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡೇ ನಮ್ಮ ಮನೆಗೆ ಬಂದಳು.

"ಮಾಸ್ತರ್ರೆ, ಬಟ್ಟಲ ಸುಳ್ಳ ಹೇಳಾಕತ್ತದ," ಅಂದಳು.

ಅಪ್ಪ ಬರೆಯುವುದನ್ನು ಬಿಟ್ಟು ತಲೆಯೆತ್ತಿದರು.

"ಮುಂಜಾನಿ ಒಂದು ಬಟ್ಟಲಕ್ಕ ಬಲಿ ಹತ್ತು ಸಾಲ ಆಗತದ. ಮಧ್ಯಾಹ್ನದ ಬಟ್ಟಲಕ್ಕ ಒಂಬತ್ತೂವರಿ. ಹದಿನೈದ ದಿನ ನೋಡೀನಿ. ದಿನಾ ಹಂಗೇ."

"ಊಟ ಆದ ಮ್ಯಾಲ ಕೈ ಸಾವಕಾಶ ಆಗತದವ್ವ. ನಿದ್ದಿ ಹೊತ್ತು."

"ಇಲ್ರಿ. ಮೋಡ ಮುಚ್ಚಿದ ದಿನ ಮಧ್ಯಾಹ್ನನೂ ಹತ್ತೇ ಆಗತದ. ಬಿಸಲ ಇದ್ದಾಗ ಅಷ್ಟೇ ಕಡಿಮಿ. ಬಿಸಲಿಗಿ ಹರಿವಿ ನೀರ ಕಾಯ್ತದ. ಬಿಸಿ ನೀರ ತೂತಿನಾಗಿಂದ ಜಲ್ದಿ ಏರತದ."

ಅಪ್ಪ ಪುಸ್ತಕದ ಮನುಷ್ಯ. ಬಟ್ಟಲಿನ ತೂಕ, ತೂತಿನ ಗಾತ್ರ ಹೇಳಲು ಕೊಟ್ಟ ಚಿನ್ನದ ತಂತಿಯ ಅಳತೆ ಎಲ್ಲ ಹಳೆಯ ಶಾಸ್ತ್ರದಲ್ಲಿ ಓದಿದ್ದರು. ನೀರಿನ ಕಾವಿನ ಬಗ್ಗೆ ಎಲ್ಲೂ ಓದಿರಲಿಲ್ಲ. ಆದರೂ ಎದ್ದು ಅವ್ವನಿಗೆ ಒಲೆಯ ಮೇಲೆ ನೀರಿಡಲು ಹೇಳಿದರು. ಬಾವಿಯಿಂದ ಆಗತಾನೇ ಸೇದಿದ ನೀರಿನಲ್ಲಿ ಬಟ್ಟಲು ಮುಳುಗಲು ಇಪ್ಪತ್ನಾಲ್ಕು ನಿಮಿಷದ ಮೇಲೆ ಅರ್ಧ ನಿಮಿಷ ಹಿಡಿಯಿತು. ಕಾಯಿಸಿದ ನೀರಿನಲ್ಲಿ ಇಪ್ಪತ್ತೆರಡೂ ಆಗಲಿಲ್ಲ. ಮೂರು ಸಲ ಮಾಡಿದರು.

"ಲೀಲಾ, ಇಕಿ ಶೋಧ ಮಾಡ್ಯಾಳ," ಅಂದರು ಅಪ್ಪ. ದೊಡ್ಡ ಗಣಿತಜ್ಞರ ಬಗ್ಗೆ ಹೇಳುವಾಗಿನ ದನಿಯಲ್ಲೇ ಅಂದರು. ಬಿಸಿಯಾದಾಗ ನೀರಿನ ಅಂಟು ಕಡಿಮೆಯಾಗುತ್ತದೆ, ಸಣ್ಣ ತೂತಿನಲ್ಲಿ ಸರಾಗ ಹರಿಯುತ್ತದೆ ಎನ್ನುವುದನ್ನು ಆಮೇಲೆ ಕಲಬುರ್ಗಿಯ ಕಾಲೇಜಿನವರೊಬ್ಬರನ್ನು ಕೇಳಿ ತಿಳಿದುಕೊಂಡರು.

ಸಾಬಮ್ಮನಿಗೆ ಶೋಧದ ಸಂತೋಷ ಇರಲಿಲ್ಲ. ಅವಳ ಮುಖ ಬಾಡಿತ್ತು. "ಮಜೀದ ಕಾಕಾನ ಪಾಳಿ ಯಾವಾಗಲೂ ಮಧ್ಯಾಹ್ನ ಬರತದ್ರಿ," ಅಂದಳು. "ಎರಡ ವರ್ಷ ನಾ ಅವರಿಗಿ ಕಡಿಮಿ ಕೊಟ್ಟೀನಿ."

ಯಾರಿಗೂ ಗೊತ್ತಿಲ್ಲದ್ದು. ಹರಿವಿಯನ್ನು ನೆರಳಿಗೆ ಸರಿಸಿದ್ದರೆ ಮುಗಿದುಹೋಗುತ್ತಿತ್ತು. ಅಪ್ಪನೂ ಅದನ್ನೇ ಹೇಳಿದರು. ಸಾಬಮ್ಮ ಒಪ್ಪಲಿಲ್ಲ, ಊರ ಮುಂದೆ ಹೇಳಲೇಬೇಕು ಅಂದಳು.

ಚಿಂಚೋಳಿ ಬಜಾರಿನಲ್ಲಿ ತಾಮ್ರದ ಕೆಲಸ ಮಾಡುವ ನಾಮದೇವನಿಂದ ಅಪ್ಪ ಇನ್ನೊಂದು ಬಟ್ಟಲು ಮಾಡಿಸಿದರು. ಅದು ಮೊದಲಿನದರ ಜೊತೆಗೇ ಮುಳುಗುವಂತೆ ಮಾಡಲು ನಾಮದೇವ ಐದು ಸಲ ಅಂಚು ಉಜ್ಜಿದ. ಬಳಿಕ ಒಂದು ಅಮಾವಾಸ್ಯೆಯ ದಿನ, ಎತ್ತುಗಳಿಗೆ ಬಿಡುವಿದ್ದಾಗ, ಊರವರನ್ನು ತೂಬಿನ ಹತ್ತಿರ ಕರೆದರು. ಮೊದಲು ಎರಡೂ ಬಟ್ಟಲನ್ನು ಒಂದೇ ಹರಿವಿಯಲ್ಲಿ ಬಿಟ್ಟರು. ಎರಡೂ ಕೂಡಿಯೇ ಮುಳುಗಿದವು. ಆಮೇಲೆ ಒಂದನ್ನು ಹಸಿ ಮರಳಿನಲ್ಲಿ ಹೂತ ಹರಿವಿಯಲ್ಲಿ, ಇನ್ನೊಂದನ್ನು ಬೆಳಗಿನಿಂದ ಬಿಸಿಲು ತಿಂದ ಹರಿವಿಯಲ್ಲಿ ಬಿಟ್ಟರು. ಬಿಸಿಲಿನ ಬಟ್ಟಲು ಮುಳುಗಿದಾಗ ನೆರಳಿನ ಬಟ್ಟಲಿಗೆ ಇನ್ನೂ ಜೋಳದ ಕಾಳಿನಷ್ಟು ಅಂಚು ಉಳಿದಿತ್ತು.

ಸಾಬಮ್ಮ ಎದ್ದು ನಿಂತು ಹೇಳಿದಳು: "ಮಜೀದ ಕಾಕಾ, ಎರಡ ವರ್ಷದಾಗ ನಿಮಗ ಏಳ ಬಟ್ಟಲ ನೀರ ಕಡಿಮಿ ಬಿದ್ದದ. ತಪ್ಪ ನಂದು."

ಮಜೀದನ ಮುಖ ಕೆಂಪಾಯಿತು. "ಎರಡ ವರ್ಷ!" ಅಂದ. "ನನ್ನ ಶೇಂಗಾ ಯಾಕ ಜೊಳ್ಳ ಬಿತ್ತು ಅಂತ ನಾ ಬೀಜದಾಂವಗ ಬೈದೀನಿ."

ಆ ಏಳು ಬಟ್ಟಲು ಯಾರ ಪಾಳಿಯಿಂದ ಬರಬೇಕು? ಬೆಳಗಿನ ಪಾಳಿಯವರ ಪಾಲಿನಿಂದ. ಅದರಲ್ಲಿ ಹೆಚ್ಚಿನದು ಗೌಡರದು. ಗೌಡರು ನೆಲ ನೋಡುತ್ತ ಕುಳಿತಿದ್ದರು. ಎಲ್ಲರೂ ಅವರ ಮಾತಿಗೆ ಕಾಯುತ್ತಿದ್ದರು. ಕೊನೆಗೆ, "ತಾನೇ ಬಂದು ಹೇಳ್ಯಾಳ. ಇನ್ನ ನಾ ಇಲ್ಲ ಅಂದ್ರ ನನ್ನ ಮರ್ಯಾದಿ ಏನ ಉಳೀತು? ತಗೋಳ್ಳಿ," ಎಂದು ಎದ್ದು ಧೋತರ ಕೊಡವಿಕೊಂಡು ಹೋದರು.

ಮಜೀದ ಏಳೂ ಬಟ್ಟಲನ್ನು ತೆಗೆದುಕೊಂಡ. ಹರಿವಿಯ ಎದುರು ಕುಳಿತು, ಒಂದೊಂದು ಮುಳುಗಿದಾಗಲೂ ಬೆರಳು ಮಡಚಿ ತೆಗೆದುಕೊಂಡ. ಅಷ್ಟು ಹೊತ್ತೂ ಸಾಬಮ್ಮನ ಜೊತೆ ಮಾತಾಡಲಿಲ್ಲ. ಏಳನೆಯದು ಗುಳುಕ್ಕೆಂದಾಗ, "ಹಿಸಾಬ್ ಸಾಫ್, ಬೇಟಿ," ಎಂದು ಹೇಳಿ ಹೆಗಲ ಮೇಲಿನ ರುಮಾಲಿನಿಂದ ಒಂದು ಬೊಗಸೆ ಹಸಿ ಶೇಂಗಾ ಸುರಿದು ಹೋದ. ಅಲ್ಲಿಂದ ಮುಂದೆ ಅವಳ ಹರಿವಿ ನೆರಳಿನಲ್ಲಿ, ಕುತ್ತಿಗೆಯ ತನಕ ಹಸಿ ಮರಳಿನಲ್ಲಿ ಹೂತಿರುತ್ತಿತ್ತು. ಮರಳು ತೋಯಿಸುವ ಕೆಲಸವನ್ನು ಮಜೀದನೇ ತನ್ನದು ಮಾಡಿಕೊಂಡಿದ್ದ.

ಆಮೇಲಿನ ವರ್ಷಗಳು ಒಂದರ ಹಿಂದೆ ಒಂದು ಸರಿದವು. ನಾನು ಓದಲು ಕಲಬುರ್ಗಿಗೆ ಹೋದೆ. ರಜೆಗೆ ಬಂದಾಗಲೆಲ್ಲ ಮೊದಲು ಹೋಗುತ್ತಿದ್ದದ್ದು ತೂಬಿಗೇ. ಯಾರ ಮಗಳಿಗೆ ಎಲ್ಲಿಂದ ಗಂಡು ಬಂದಿದೆ, ಯಾರ ಎಮ್ಮೆ ಈದಿದೆ, ದಿಲ್ಲಿಯಲ್ಲಿ ಏನು ನಡೆದಿದೆ, ಎಲ್ಲ ಅಲ್ಲಿ ಗೊತ್ತಾಗುತ್ತಿತ್ತು. ತಣ್ಣಗಿನ ಮರಳಿನ ವಾಸನೆ, ಜಾಲಿಯ ಹೂವು, ಕಾಲುವೆಯ ನೀರು ಹಲಗೆಗೆ ಬಡಿಯುವ ಸಪ್ಪಳ. ಈಗ ಅವನ್ನೆಲ್ಲ ನೆನೆದರೆ ನನಗೆ ಯಾವುದೋ ಒಂದು ದಿನ ನೆನಪಾಗುವುದಿಲ್ಲ. ಅಷ್ಟೂ ದಿನಗಳು ಒಂದೇ ಮಧ್ಯಾಹ್ನದಂತೆ ಕಾಣುತ್ತವೆ.

ಕೊನೆಕೊನೆಗೆ ಬಾಲದ ತನಕ ನೀರು ಬರುವುದೇ ನಿಂತಿತು. ಕಾಲುವೆಯಲ್ಲಿ ಹೂಳು ತುಂಬಿತು. ಹೊಲಕ್ಕೊಂದು ಬೋರು ಬಿತ್ತು. ಗುಂಡಿ ಒತ್ತಿದವನಿಗೆ ಪಾಳಿ ಏಕೆ? ಜಗಳವಾಡಿ ಯಾರೂ ಸಾಬಮ್ಮನನ್ನು ಬಿಡಿಸಲಿಲ್ಲ. ಒಂದು ವರ್ಷ ಅವಳು ಹರಿವಿ ತುಂಬಿ ನಾಲ್ಕು ದಿನ ಕುಳಿತಳು, ಯಾರೂ ಬರಲಿಲ್ಲ. ಐದನೆಯ ದಿನ ಹಳೆಯ ಬಟ್ಟಲನ್ನು ತಿಕ್ಕಿ ತಂದು ಅವ್ವನ ಕೈಗೆ ಕೊಟ್ಟಳು. ಅಂದು ಅವ್ವ ಅವಳನ್ನು ಅಡುಗೆಮನೆಯ ಬಾಗಿಲ ತನಕ ಕರೆದು ಮಣೆ ಹಾಕಿ ಉಣ್ಣಲು ಬಡಿಸಿದಳು. ನಾಮದೇವ ಮಾಡಿದ್ದ ಬಟ್ಟಲನ್ನು, "ಅದು ನಿಂದೇ," ಎಂದು ಅಪ್ಪ ತೆಗೆದುಕೊಳ್ಳಲಿಲ್ಲ.

ಅಪ್ಪ ಅವ್ವ ಈಗಿಲ್ಲ. ನಮ್ಮ ಮನೆಯ ಬಟ್ಟಲು ನನ್ನ ತಮ್ಮ ಸುಜಯನ ಮನೆಯಲ್ಲಿದೆ. ನಾನು ಶಹಾಬಾದಿನಲ್ಲಿ ವಿಜ್ಞಾನ ಕಲಿಸುತ್ತೇನೆ, ನಿವೃತ್ತಿಗೆ ಇನ್ನು ಎರಡು ವರ್ಷ. ಸಾಬಮ್ಮ ಮಗಳ ಜೊತೆ ನಾಲವಾರದಲ್ಲಿದ್ದಾಳೆ. ಅಂಬಿಕಾ ಅಲ್ಲಿ ಅಂಗನವಾಡಿ ನಡೆಸುತ್ತಾಳೆ. ಹೋದ ಮಾಘದಲ್ಲಿ ಒಂದು ಭಾನುವಾರ ವಾಡಿ ಮಾರ್ಗದ ರೈಲುಗಾಡಿ ಹತ್ತಿ ಅವಳನ್ನು ನೋಡಲು ಹೋದೆ.

"ಬರ್ರಿ, ಕುಂದ್ರಿ," ಎಂದು ಎದ್ದು ಬಂದಳು. ಎಪ್ಪತ್ತು ದಾಟಿದೆ. ಬೆರಳು ಸೊಟ್ಟಾಗಿವೆ, ಬಲೆ ಈಗ ಆಗುವುದಿಲ್ಲ. ತನ್ನ ಬಟ್ಟಲಿನ ತೂತು ಮುಚ್ಚಿಸಿ ಹಿಟ್ಟಿನ ಡಬ್ಬಿಯಲ್ಲಿ ಅಳತೆಗೆ ಇಟ್ಟುಕೊಂಡಿದ್ದಾಳೆ. ನನಗೆ ಒಂದು ಕ್ಷಣ ಕಸಿವಿಸಿಯಾಯಿತು. ಅವಳಿಗೆ ಅದು ತಿಳಿಯಿತು.

"ಸುಮ್ಮ ಕುಂತ್ರ ಕಿಲುಬ ಹತ್ತತದ್ರಿ, ಹರಿಪ್ರಿಯಾ ಬಾಯಿ," ಅಂದಳು. "ದುಡಿಲಿ ಅದು."

ಮಾತು ಮಜೀದನ ಕಡೆ ಹೋಯಿತು. ಅವನು ತೀರಿಕೊಂಡ ಸುದ್ದಿ ಅವಳಿಗೆ ತಡವಾಗಿ ಮುಟ್ಟಿತ್ತಂತೆ. "ಮಣ್ಣಿಗಿ ಹೋಗಾಕ ಆಗಲಿಲ್ಲ," ಅಂದಳು. "ಆಮ್ಯಾಲ ಒಂದಿನ ಹೋಗಿ ಗೋರಿ ಮ್ಯಾಲ ಒಂದು ಕೊಡ ನೀರ ಹಾಕಿ ಬಂದೆ. ಭಾಳ ಬಿಸಲಿತ್ತು ಅವತ್ತು."

ಒಳಗಿನಿಂದ ಅಂಬಿಕಾ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ನನ್ನ ಗಾಡಿಗೆ ಇನ್ನೂ ವೇಳೆಯಿದೆ, ಉಂಡೇ ಹೋಗಬೇಕು ಎಂದು ಸಾಬಮ್ಮ ಹಟ ಹಿಡಿದಳು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ನಾನು ಒಳಗೆ ಹೋಗಿ ಒಲೆಯ ಹತ್ತಿರ ಅವಳ ಪಕ್ಕದಲ್ಲೇ ಕುಳಿತು ಉಂಡೆ.